ಕೋಡಿಬಾಗದಿಂದ, ಏಪ್ರಿಲ್

ನಿಂಬಕ್ಕಾ,
ಇಲ್ಲಿ ಗಾಳಿ ಬೀಸೂದಿಲ್ಲ, ನೆಕ್ಕತೈತಿ.
ಮುಂಜಾನೆ ಏಳಕ್ಕ ಬೆನ್ನಿಗೆ ಹತ್ತಿದ ಜಂಪರು
ರಾತ್ರಿ ಮಲಗೂ ಮುಂದ ಸುಲದು ತಗೀಬೇಕು,
ಬಾಳಿಹಣ್ಣಿನ ಸಿಪ್ಪಿ ಸುಲದಂಗ.
ಧಾರವಾಡದ ಬಿಸಲು ಎದುರಿಗೆ ನಿಂತು ಬೈಯೂ ಬಿಸಲು,
ಬೇವಿನ ನೆಳ್ಳಿಗೆ ಹೊಕ್ಕರ ಬಾಯಿ ಮುಚ್ಚತಿತ್ತು.
ಇದು ನೆಳ್ಳಾಗೂ ಬಂದು ಮಗ್ಗಲಕ್ಕ ಕುಂದರತೈತಿ,
ಏನೂ ಮಾತಾಡೂದಿಲ್ಲ,
ಎದ್ದೂ ಹೋಗೂದಿಲ್ಲ.

ಹಪ್ಪಳ ಡಬ್ಬ್ಯಾಗ ಮೆತ್ತಗಾದುವು.
ನೀ ಕಟ್ಟಿಕೊಟ್ಟ ಕಡಕ್ ರೊಟ್ಟಿ ಮೂರನೇ ದಿನಕ್ಕ
ಚಪಾತಿ ಆಗಿ ಕುಂತಿತ್ತು.
ಮಷೀನಿನ ಸೂಜಿಗೆ ರಾತ್ರೋರಾತ್ರಿ ಜಂಗು.
ಸಾಲಿ ಹುಡುಗನ ಬಿಳೇ ಅಂಗಿ ಮ್ಯಾಲೆ ಮೊದಲ ಹೊಲಿಗಿ ಹಾಕಿದೆ,
ಇರುವಿ ನಡದಂಗ ಕಂದು ಚುಕ್ಕಿ ಸಾಲು ಬಿತ್ತು.
ಆ ಅಂಗಿ ರೊಕ್ಕ ನಾನ ಕೊಟ್ಟೆ.
ಮಷೀನಿನ ಮ್ಯಾಲೆ ತಲಿ ಇಟ್ಟು ಅತ್ತೆ, ಅವ್ವಗ ಹೇಳಬ್ಯಾಡ.
ಗೋದಾಮಿನಿಂದ ಬಂದ ಇವರಿಗೆ
ಕಣ್ಣೀರೋ ಬೆವರೋ ಗೊತ್ತಾಗಲಿಲ್ಲ.
ಅದೊಂದು ಅನುಕೂಲ ಐತಿ ಈ ಊರಾಗ.

ಮಧ್ಯಾಹ್ನ ಒಂದರಿಂದ ನಾಲ್ಕು
ಓಣಿಗೆ ಓಣಿನ ಬಾಗಲಾ ಹಾಕತೈತಿ, ನಾಯಿ ಸೈತ.
ನನಗೇನು ಗೊತ್ತು? ಮೊದಲ ವಾರ ಎರಡೂವರಿಗೆ ಹೋಗಿ
ತಳೇಕರ ಬಾಯಾರ ಕದಾ ಬಡದೆ, ಹೆಪ್ಪಿಗೆ ಮಸರು ಕೇಳಾಕ.
ಕಣ್ಣು ಉಜ್ಜಿಕೋತ ಬಂದಾಕಿ ನನ್ನ ನೋಡಿದಳು,
ಗಡಿಯಾರ ನೋಡಿದಳು,
ಕೊಂಕಣಿಯಾಗ ಏನೋ ಅಂದಳು.
ಬೈದಳೋ ಕರದಳೋ,
ಆ ಮಾತಿನಾಗ ಎರಡಕ್ಕೂ ಒಂದ ರಾಗ.
ಮಸರು ಕೊಟ್ಟಳು.
ಕದಾ ಹಾಕಿದ ಸಪ್ಪಳ ಮಾತ್ರ ಅಚ್ಚ ಕನ್ನಡ.

ಮುಂಜಾನೆ ಮೀನಿನ ದೇವಕಿ ಬರತಾಳ.
‘ನಾವು ತಿನ್ನೂದಿಲ್ರೀ’ ಅಂತ ಇಪ್ಪತ್ತು ದಿನ ಅಂದೆ.
ಇಪ್ಪತ್ತೊಂದನೇ ದಿನ ಆಕಿ ಕೇಳಲಿಲ್ಲ,
ಬುಟ್ಟಿ ನನ್ನ ಕಟ್ಟಿ ನೆಳ್ಳಿಗೆ ಇಟ್ಟು
ಒಂದು ತಂಬಗಿ ನೀರು ಕುಡದು
ಕಾಲು ಚಾಚಿ ಕುಂತಳು.
ಬೆಕ್ಕು ಮೂರು ಬಂದುವು. ಈಗ ಅವು ನನ್ನವ ಅಂತ,
ಓಣಿ ಮಂದಿ ತೀರ್ಮಾನ ಮಾಡ್ಯಾರ.

ಒಂದು ಸಂಜೀಕ ಕಾಳಿ ಹೊಳಿ ಸಮುದ್ರ ಸೇರೂ ಕಡೆ ಹೋಗಿದ್ದೆ.
ನೀರು ಯಾವ ಕಡೆ ಹರೀತೈತಿ ಅನ್ನೂದ ತಿಳೀವಲ್ದು.
ಭರತಿ ಅಂತ. ಉಪ್ಪು ನೀರು ಒಳಗ ಬರತಿತ್ತು,
ಹೊಳಿ ಸುಮ್ಮನ ಹಿಂದಕ್ಕ ಸರೀತಿತ್ತು.
ಭಾಳ ಹೊತ್ತು ನಿಂತು ನೋಡಿದೆ.

ಆಮ್ಯಾಲೆ ಆತು ನೋಡು.
ಹೋದ ಮಂಗಳವಾರ ಎರಡೂವರಿಗೆ ನನ್ನ ಕದಾ ಬಡದ ಸಪ್ಪಳ.
ತಳೇಕರ ಬಾಯಾರು! ಕೈಯಾಗ ಕೊಬ್ರಿ ಎಣ್ಣಿ ಬಾಟ್ಲಿ.
ನನ್ನ ಮಷೀನಿನ ಕಟಕಟಕ್ಕ ಓಣಿ ಮಲಗಿ ಹದಿನೈದು ದಿನ ಆಗಿತ್ತಂತ.
ಸೂಜಿ ಬಿಚ್ಚಿಸಿದಳು. ಎಣ್ಣಿ ಅರಿವ್ಯಾಗ ಸುತ್ತಿಸಿದಳು.
ಫರಸಿ ಮ್ಯಾಲೆ ನೀರು ಚಿಮುಕಿಸಿ ಒರಿಸಿ,
ಬರೇ ನೆಲಾ ತೋರಿಸಿ ‘ನೀದ್ ಗೋ’ ಅಂದಳು.
ಮಲಕೋ ಅಂತ.
ಸಣ್ಣ ಹುಡಿಗೀ ಹಂಗ ಮಲಗಿದೆ.
ಆಕಿನೂ ಗ್ವಾಡಿಗೆ ಒರಗಿ ಕುಂತಾಕಿ ಅಲ್ಲೇ ಗೊರಕಿ ಹೊಡದಳು.

ಎದ್ದ ಮ್ಯಾಲೆ ಜಂಪರ್ ಅಳತಿ ಕೊಟ್ಟಳು.
ಟೇಪು ಬಿಗಿ ಹಿಡದೆ, ನಮ್ಮೂರ ರೂಢಿ.
ಟೇಪಿನೊಳಗ ತನ್ನ ಬೆರಳು ತೂರಿಸಿ ಅಂದಳು:
‘ಇಷ್ಟು ಗಾಳಿಗೆ ಬಿಡು.’
ಈಗ ಎಲ್ಲಾರಿಗೂ ಒಂದು ಬೆರಳು ಕೂಡಿಸಿ ಹೊಲೀತೀನಿ,
ಇಜಬೆಲ್ ಟೀಚರಿಗೆ ಎರಡು.
ನಂದೂ ನಾಕು ಜಂಪರ್ ಬಿಚ್ಚಿ ಹೊಲಕೊಂಡೆ.
ಬಿಚ್ಚಿದ ಹೊಲಿಗಿ ಗುರುತು ಹಂಗ ಉಳದೈತಿ,
ಬಟ್ಟಿ ಮ್ಯಾಲೆ ಸಣ್ಣ ಸಣ್ಣ ತೂತು.

ನೀ ಮೇ ತಿಂಗಳದಾಗ ಬರತೀನಿ ಅಂದಿ.
ರೊಟ್ಟಿ ತರಬ್ಯಾಡ. ಹದಿನಾರು ನಂಬರ್ ಸೂಜಿ ತಾ, ಎರಡು ಪಾಕೀಟು.
ಮುಂಜಾನೆ ಬಸ್ಸಿಗೆ ಬಂದರ ಛಲೋ,
ಇಲ್ಲಾ, ಸಂಜೀಕ ಬಾ.
ಮಧ್ಯಾಹ್ನ ಬಂದಿ ಅಂದರ
ಕಟ್ಟಿ ಮ್ಯಾಲೆ ಬೆಕ್ಕಿನ ಸಂಗಾಟ ಕುಂದರಬೇಕಾಗತೈತಿ.
ನಾಲ್ಕರ ತನಕ ನಾ ಕದಾ ತಗಿಯೂದಿಲ್ಲ.